ತೊಗರಿ ಧಾರಣೆಗೆ ಯಾವ ಭಾಷೆ?

ಬಸವಕಲ್ಯಾಣದಲ್ಲಿ ಇಂಜಿನಿಯರಿಂಗ್ ಓದುವ ಕೊನೆಯ ವರ್ಷದ ಹುಡುಗರು ನಾಲ್ಕು ಮಂದಿ ಸೇರಿದರೆ ಮಾತು ತಿರುಗಿ ತಿರುಗಿ ಮೂರೇ ವಿಷಯಕ್ಕೆ ಬರುತ್ತದೆ. ಯಾವ ಕಂಪನಿ ನೇಮಕಾತಿಗೆ ಬರುತ್ತದೆ, ಹೈದರಾಬಾದಿನ ಅಮೀರಪೇಟೆಯಲ್ಲಿ ಯಾವ ಕೋರ್ಸಿಗೆ ಎಷ್ಟು ಶುಲ್ಕ, ಮತ್ತು ಈಗ ಯಾವ ಭಾಷೆ ನಡೆಯುತ್ತಿದೆ. ಭಾಷೆ ಎಂದರೆ ಕನ್ನಡ, ಉರ್ದು, ಮರಾಠಿಯಲ್ಲ. ಆ ಮೂರೂ ಅಲ್ಲಿನ ಸಂತೆಯಲ್ಲಿ ಯಾರೂ ಕಲಿಸದೆ ಬರುತ್ತವೆ. ಇದು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಒಬ್ಬ ಪೈಥಾನ್ ಎನ್ನುತ್ತಾನೆ, ಇನ್ನೊಬ್ಬ ಡಾರ್ಟ್ ಎನ್ನುತ್ತಾನೆ, ಮೂರನೆಯವನು ಇಬ್ಬರನ್ನೂ ನೋಡಿ ನಗುತ್ತಾನೆ. ನಗುವವನಿಗೂ ಗೊತ್ತಿರುವುದು ಅಷ್ಟರಲ್ಲೇ ಇರುತ್ತದೆ.

ಹುಮನಾಬಾದಿನಿಂದ ಸಸ್ತಾಪುರ ಬಂಗ್ಲಾ ದಾಟಿ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗನಿಗೆ ಮಾತ್ರ ಈ ಪ್ರಶ್ನೆ ಹರಟೆಯಾಗಿ ಉಳಿಯಲಿಲ್ಲ. ಅವನ ತಂದೆಗೆ ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ತೊಗರಿ, ಕಡಲೆ, ಸೋಯಾ ಬರುವ ದಿನಗಳಲ್ಲಿ ಬೆಳಗಿನಿಂದಲೇ ರೈತರ ಫೋನು ಶುರು: “ಇವತ್ತಿನ ರೇಟ್ ಎಷ್ಟದ? ನಮ್ದು ತೂಕ ಆಯ್ತೇನ್ರಿ?” ಆ ದಿನದ ಧಾರಣೆ, ಚೀಲದ ಲೆಕ್ಕ, ಬರಬೇಕಾದ ಬಾಕಿ ಎಲ್ಲವೂ ರೈತನ ಫೋನಿನಲ್ಲೇ ಕಾಣುವಂತೆ ಒಂದು ವೆಬ್ ಆ್ಯಪ್ ಮಾಡುವುದು ಹುಡುಗನ ಪ್ರಾಜೆಕ್ಟ್. ಕಾಲೇಜಿನಲ್ಲಿ ಅಂಕವೂ ಆಯಿತು, ಅಂಗಡಿಗೆ ಉಪಯೋಗವೂ ಆಯಿತು. ತಂದೆ ಒಪ್ಪಿದರು, ಒಂದು ಷರತ್ತಿನೊಡನೆ. ಓದು ಮುಗಿದ ಮೇಲೆ ಹೈದರಾಬಾದಿನಲ್ಲಿ ಆರು ತಿಂಗಳಿದ್ದು ಕೋರ್ಸು ಮಾಡಲು ಹಣ ಕೊಡುವುದುಂಟು. ಆದರೆ ಒಂದೇ ಸಲ, ಒಂದೇ ಭಾಷೆಗೆ. ಬೆನ್ನಿಗೆ ತಂಗಿಯ ಕಾಲೇಜಿನ ಖರ್ಚು ನಿಂತಿದೆ.

“ಒಂದೇ ಆ್ಯಪ್ ಎಲ್ಲಾ ಪ್ಲಾಟ್‌ಫಾರ್ಮ್‌ನಾಗೂ ಓಡಬೇಕಪ್ಪಾ” ಎಂದು ಹುಡುಗ ವಿವರಿಸತೊಡಗಿದಾಗ ತಂದೆಗೆ ಮೊದಲು ನೆನಪಾದದ್ದು ರೈಲು. ಹುಮನಾಬಾದಿನವರ ಮಟ್ಟಿಗೆ ಅದು ಸಹಜವೇ. ಬೀದರ್–ಕಲಬುರಗಿ ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರ ಅಕ್ಟೋಬರಿನಲ್ಲಿ. ಹುಡುಗ ಹೇಳಿದ ಪ್ಲಾಟ್‌ಫಾರ್ಮು ಬೇರೆ. ರೈತರ ಕೈಯಲ್ಲಿರುವುದು ಅಗ್ಗದ ಆಂಡ್ರಾಯ್ಡ್ ಫೋನು, ಅಂಗಡಿಯಲ್ಲಿರುವುದು ವಿಂಡೋಸ್ ಕಂಪ್ಯೂಟರ್, ಪುಣೆಯಿಂದ ಬರುವ ಸೋದರಮಾವನ ಜೇಬಿನಲ್ಲಿ ಐಫೋನು. ಒಂದೊಂದಕ್ಕೂ ಅದರದೇ ಭಾಷೆಯಲ್ಲಿ ಬರೆಯುತ್ತ ಹೋದರೆ ಆಂಡ್ರಾಯ್ಡಿಗೆ ಕಾಟ್ಲಿನ್, ಐಫೋನಿಗೆ ಸ್ವಿಫ್ಟ್, ವಿಂಡೋಸಿಗೆ ಮತ್ತೊಂದು. ಒಂದೇ ತೊಗರಿಗೆ ಮೂರು ಸಲ ಲೆಕ್ಕ ಬರೆದಂತೆ. ಐಫೋನಿನ ಆ್ಯಪ್ ಸಿದ್ಧಪಡಿಸಲು ಆ್ಯಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರೇ ಬೇಕು. ಅವರ ಅಂಗಡಿಯಲ್ಲಿಡಲು ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಗೂಗಲ್ಲಿನವರದು ಒಂದೇ ಸಲ 25 ಡಾಲರ್. ಈ ಲೆಕ್ಕ ಮಾತ್ರ ತಂದೆಗೆ ಕೂಡಲೇ ಅರ್ಥವಾಯಿತು.

ಹಾಗಾಗಿ ಎಲ್ಲೆಡೆ ಓಡುವ ಒಂದು ಭಾಷೆ ಬೇಕಾಯಿತು. ಹುಡುಗನ ಮನಸ್ಸು ನಿಂತದ್ದು ಡಾರ್ಟ್ ಮೇಲೆ. ಗೂಗಲ್ ಅದನ್ನು 2011ರಲ್ಲಿ ಹೊರತಂದಾಗ ಬ್ರೌಸರುಗಳಲ್ಲಿ ಜಾವಾಸ್ಕ್ರಿಪ್ಟಿನ ಜಾಗಕ್ಕೆ ಇದು ಬರಲಿದೆ ಎಂಬ ಮಾತಿತ್ತು. ಅದು ಕೈಗೂಡಲಿಲ್ಲ. 2015ರಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರಿನೊಳಗೇ ಡಾರ್ಟ್ ಕೂರಿಸುವ ಯೋಜನೆಯನ್ನು ಕೈಬಿಟ್ಟಿತು. ಆ ಹೊತ್ತಿಗೆ ಡಾರ್ಟ್ ಕಲಿತಿದ್ದವರ ಮನೆಯಲ್ಲಿ ಯಾವ ಮಾತು ನಡೆದಿರಬಹುದು, ಊಹಿಸಬಹುದು. ಆದರೆ 2018ರ ಕೊನೆಯಲ್ಲಿ ಫ್ಲಟರ್ ಎಂಬ ಸಾಧನದ ಮೊದಲ ಪೂರ್ಣ ಆವೃತ್ತಿ ಬಂತು. ಡಾರ್ಟಿನಲ್ಲಿ ಒಮ್ಮೆ ಬರೆದರೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಗುತ್ತದೆ, 2021ರಿಂದ ವೆಬ್ಬಿಗೂ. ಸತ್ತೇಹೋಯಿತು ಎಂದಿದ್ದ ಭಾಷೆ ಎದ್ದು ಕೂತಿತು.

ಎದುರಾಳಿ ಜಾವಾಸ್ಕ್ರಿಪ್ಟ್. 1995ರಲ್ಲಿ ಬ್ರೆಂಡನ್ ಐಕ್ ಎಂಬಾತ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ ಇದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಸಿದ್ಧಪಡಿಸಿದ. ಆ ಅವಸರದ ಗುರುತು ಇನ್ನೂ ಇದೆ: ಅಂಕಿಯನ್ನೂ ಅಕ್ಷರವನ್ನೂ ಕೂಡಿಸಲು ಹೇಳಿದರೆ ಬೇಡ ಎನ್ನದೆ ಒಂದಕ್ಕೊಂದು ಅಂಟಿಸಿಬಿಡುತ್ತದೆ. ದಲಾಲಿ ಅಂಗಡಿಯ ಲೆಕ್ಕಕ್ಕೆ ಇದು ಆಗದ ಮಾತು. ಮೈಕ್ರೋಸಾಫ್ಟ್ 2012ರಲ್ಲಿ ತಂದ ಟೈಪ್‌ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟಿಗೇ ತೊಡಿಸಿದ ಲಗಾಮು. ಇದು ಅಂಕಿ, ಇದು ಅಕ್ಷರ ಎಂದು ಮೊದಲೇ ಬರೆದಿಟ್ಟರೆ ಅಂತಹ ತಪ್ಪುಗಳಲ್ಲಿ ಬಹಳಷ್ಟನ್ನು ಓಡಿಸುವ ಮೊದಲೇ ಹಿಡಿದು ತೋರಿಸುತ್ತದೆ.

ತಂದೆಗೆ ಈ ವಿವರ ಬೇಕಿರಲಿಲ್ಲ. ಅವರ ಪ್ರಶ್ನೆ ಒಂದೇ: “ಇದು ಎಷ್ಟ್ ವರ್ಷ ಬಾಳ್ತದ?”

ಆ ಪ್ರಶ್ನೆಗೆ ಮನೆಯಲ್ಲೇ ಚರಿತ್ರೆಯಿದೆ. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡ ಮಾತಿನ ಮನೆಯಲ್ಲಿ ಹುಟ್ಟಿದ ಹುಡುಗನ ಮುತ್ತಜ್ಜ ಉರ್ದು ಕಲಿತು ಗುಮಾಸ್ತರಾಗಿದ್ದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಕಚೇರಿಯ ಭಾಷೆ ಬದಲಾಯಿತು. ಮಧ್ಯವಯಸ್ಸಿನಲ್ಲಿ ಮುತ್ತಜ್ಜ ಹೊಸದಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುವುದನ್ನು ರೂಢಿಸಿಕೊಂಡರು. ಆದರೂ ಹಳೆಯ ಜಮೀನಿನ ಕಾಗದ ಓದಿಸಲು ಜನ ಕೊನೆಯವರೆಗೂ ಅವರ ಕಟ್ಟೆಗೇ ಬರುತ್ತಿದ್ದರಂತೆ.

ಹತ್ತಿರದ ಉದಾಹರಣೆ ಸೋದರಮಾವನದು. 2008ರಲ್ಲಿ ಅಮೀರಪೇಟೆಗೆ ಹೋಗಿ ಫ್ಲ್ಯಾಶ್ ಕಲಿತ. ಆಗ ವೆಬ್ಬಿನಲ್ಲಿ ಕುಣಿಯುವುದು, ಹಾಡುವುದು ಎಲ್ಲ ಫ್ಲ್ಯಾಶೇ. 2010ರಲ್ಲಿ ಆ್ಯಪಲ್ಲಿನ ಸ್ಟೀವ್ ಜಾಬ್ಸ್ ಐಫೋನಿನಲ್ಲಿ ಅದಕ್ಕೆ ಜಾಗವಿಲ್ಲವೇಕೆ ಎಂದು ಬಹಿರಂಗ ಪತ್ರ ಬರೆದರು. ಮರುವರ್ಷ ಅಡೋಬಿಯೇ ಮೊಬೈಲ್ ಫೋನುಗಳಿಗೆ ಅದನ್ನು ಬೆಳೆಸುವುದನ್ನು ನಿಲ್ಲಿಸಿತು. 2020ರ ಡಿಸೆಂಬರ್ 31ಕ್ಕೆ ಪೂರ್ತಿ ಮುಕ್ತಾಯ. “ಫ್ಲ್ಯಾಶ್ ಹೋಯ್ತು, ಖರೇ” ಎಂದ ಮಾಮ. “ಆದ್ರ ಕಲ್ತಿದ್ದೆಲ್ಲಾ ಹೋಗ್ಲಿಲ್ಲ.” ಫ್ಲ್ಯಾಶಿನೊಳಗಿನ ಆ್ಯಕ್ಷನ್‌ಸ್ಕ್ರಿಪ್ಟ್ ಭಾಷೆಯೂ ಜಾವಾಸ್ಕ್ರಿಪ್ಟೂ ಒಂದೇ ಮಟ್ಟದ ಮೇಲೆ ಕಟ್ಟಿದ ಮನೆಗಳು. ಒಂದು ಬಿದ್ದಾಗ ಇನ್ನೊಂದಕ್ಕೆ ನಡೆದುಹೋಗಲು ಅವನಿಗೆ ಕೆಲವೇ ತಿಂಗಳು ಸಾಕಾಯಿತು. ಅವನ ಜೊತೆ ಕಲಿತವರಲ್ಲಿ ಬರೀ ಗುಂಡಿ ಒತ್ತಿ ಚಿತ್ರ ಕುಣಿಸುವುದನ್ನಷ್ಟೇ ಕಲಿತವರಿಗೆ ಕಷ್ಟವಾಯಿತು.

ಭಾಷೆ ಆರಿಸುವ ಕೆಲಸ ಬಸವಕಲ್ಯಾಣಕ್ಕೆ ಹೊಸದೂ ಅಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿದ್ದು ಮಿತಾಕ್ಷರವನ್ನು ಬರೆದದ್ದು ಸಂಸ್ಕೃತದಲ್ಲಿ. ಅದು ಕಾಶಿಯ ಪಂಡಿತನಿಗೂ ಕಂಚಿಯ ಪಂಡಿತನಿಗೂ ತಲುಪಬೇಕಾಗಿತ್ತು, ತಲುಪಿತು. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಹಿಂದೂ ಕುಟುಂಬದ ಆಸ್ತಿಯ ವ್ಯಾಜ್ಯಕ್ಕೆ ಅದನ್ನೇ ತೆರೆದು ನೋಡಿದವು. ಕೆಲವು ದಶಕ ಕಳೆದು, ಹನ್ನೆರಡನೆಯ ಶತಮಾನದ ನಡುವೆ, ಅದೇ ಊರಿನಲ್ಲಿ ಶರಣರು ಕನ್ನಡವನ್ನು ಆರಿಸಿಕೊಂಡರು. ಅವರ ಎದುರಿಗೆ ಕೂತಿದ್ದವರು ಮಡಿವಾಳರು, ಅಂಬಿಗರು, ಮಾದಾರರು. ಎರಡು ಆಯ್ಕೆಗಳಲ್ಲಿ ಯಾವುದು ಸರಿ ಎಂದು ಕೇಳುವವರು ಮೊದಲು ಯಾರಿಗಾಗಿ ಎಂದು ಕೇಳಬೇಕಾಗುತ್ತದೆ.

ಹುಡುಗನ ಆ್ಯಪ್ ಯಾರಿಗಾಗಿ? ಹಳ್ಳಿಯಲ್ಲಿ ಹೊಲದ ಬದುವಿನ ಮೇಲೆ ನಿಂತು, ಸಿಗ್ನಲ್ ಬರುವ ಮೂಲೆ ಹುಡುಕಿ, ಕನ್ನಡದಲ್ಲೋ ಉರ್ದುವಿನಲ್ಲೋ ಧಾರಣೆ ನೋಡುವವನಿಗಾಗಿ. ಈ ಉತ್ತರ ಸಿಕ್ಕ ಮೇಲೆ ಹುಡುಗ ವಾದ ಬಿಟ್ಟು ಪರೀಕ್ಷೆಗೆ ಇಳಿದದ್ದು ಮೆಚ್ಚಬೇಕಾದ ಕೆಲಸ. ಒಂದೇ ಪುಟವನ್ನು ಎರಡು ರೀತಿಯಲ್ಲಿ ಮಾಡಿದ: ಡಾರ್ಟ್ ಮತ್ತು ಫ್ಲಟರಿನಲ್ಲಿ ಒಂದು, ಟೈಪ್‌ಸ್ಕ್ರಿಪ್ಟಿನಲ್ಲಿ ಮಾಮೂಲಿ ವೆಬ್ ಪುಟವಾಗಿ ಇನ್ನೊಂದು. ತಂದೆಯ ಹಳೆಯ ಫೋನಿನ ಬ್ರೌಸರಿನಲ್ಲಿ ಎರಡನ್ನೂ ತೆರೆದ.

ಫ್ಲಟರಿನದು ನೋಡಲು ಚೆಲುವಾಗಿತ್ತು, ಆದರೆ ತೆರೆಯಲು ತಡ. ವೆಬ್ಬಿನಲ್ಲಿ ಅದು ಪರದೆಯ ಪ್ರತಿಯೊಂದು ಗೆರೆಯನ್ನೂ ತಾನೇ ಬಿಡಿಸುತ್ತದೆ. ಆ ಚಿತ್ರಗಾರ ಸಾಮಗ್ರಿಯೇ ಸುಮಾರು ಒಂದೂವರೆ ಎಂಬಿ ಇಳಿಯಬೇಕು. ಫೋನಿನಲ್ಲಿರುವ ಕನ್ನಡ ಅಕ್ಷರವನ್ನು ಅದು ಬಳಸಿಕೊಳ್ಳುವುದಿಲ್ಲ, ಬೇರೆಯಾಗಿ ತರಿಸಿಕೊಳ್ಳುತ್ತದೆ. ಬರುವತನಕ ‘ತೊಗರಿ’ ಇರಬೇಕಾದಲ್ಲಿ ಖಾಲಿ ಚೌಕಗಳು. ಮಾಮೂಲಿ ವೆಬ್ ಪುಟದಲ್ಲಿ ಫೋನಿನದೇ ಕನ್ನಡ ತಟ್ಟನೆ ಬಂತು. ಫೋನಿಗೆ ಇಳಿಸಿಕೊಂಡು ಓಡಿಸುವ ಆ್ಯಪ್ ಆಗಿದ್ದರೆ ಫ್ಲಟರಿಗೆ ಈ ತೊಡಕಿಲ್ಲ, ಅದನ್ನೂ ಹೇಳಬೇಕು. ಆದರೆ ಧಾರಣೆ ಕೇಳಲು ಬಂದ ರೈತನಿಗೆ ಮೊದಲು ಆ್ಯಪ್ ಇಳಿಸಿಕೋ ಎಂದರೆ ಅವನು ಹಳೆಯ ಪದ್ಧತಿಯಂತೆ ಫೋನನ್ನೇ ಮಾಡುತ್ತಾನೆ.

ಹುಡುಗ ಇನ್ನೊಂದು ತಮಾಷೆಯನ್ನೂ ಕಂಡ. ‘ಬಸವಕಲ್ಯಾಣ’ ಎಂಬ ಹೆಸರು ಎಷ್ಟು ಉದ್ದ ಎಂದು ಯಂತ್ರವನ್ನು ಕೇಳಿದ. ಒಂದನೆಯ ತರಗತಿಯ ಮಗು ಆರು ಅಕ್ಷರ ಎನ್ನುತ್ತದೆ. ಜಾವಾಸ್ಕ್ರಿಪ್ಟ್ ಒಂಬತ್ತು ಎಂದಿತು, ಪೈಥಾನೂ ಒಂಬತ್ತೇ. ಗೂಗಲ್ಲಿನದೇ ಇನ್ನೊಂದು ಭಾಷೆ ‘ಗೋ’ ಇಪ್ಪತ್ತೇಳು ಎಂದಿತು. ‘ಲ್ಯಾ’ ಎಂಬ ಒಂದು ಅಕ್ಷರ ಯೂನಿಕೋಡಿನಲ್ಲಿ ನಾಲ್ಕು ಚೂರು: ಲ, ಹಲಂತ, ಯ, ದೀರ್ಘದ ಗುರುತು. ಗೋ ಭಾಷೆ ಎಣಿಸಿದ್ದು ಆ ಚೂರುಗಳನ್ನೂ ಅಲ್ಲ, ಅವು ಹಿಡಿಯುವ ಬೈಟುಗಳನ್ನು; ಒಂದೊಂದಕ್ಕೆ ಮೂರು. ಹೆಸರಿಗೆ ಹತ್ತೇ ಅಕ್ಷರದ ಜಾಗ ಎಂದು ಗೆರೆ ಎಳೆಯುವ ಪ್ರೋಗ್ರಾಮುಗಳಲ್ಲಿ ಕನ್ನಡದ ಹೆಸರುಗಳು ಅರ್ಧಕ್ಕೇ ಕತ್ತರಿಸಿಹೋಗುವುದು ಹೀಗೆ. ಭಾಷೆ ಯಾವುದೇ ಆಗಲಿ, ಇದನ್ನು ತಿಳಿದುಕೊಳ್ಳದೆ ಗತಿಯಿಲ್ಲ. ಅಮೀರಪೇಟೆಯ ಕರಪತ್ರಗಳಲ್ಲಿ ಮಾತ್ರ ಇದರ ಸುದ್ದಿ ಕಾಣುವುದಿಲ್ಲ.

“ಈಗೆಲ್ಲಾ ಎಐ ಬರೆದು ಕೊಡ್ತದಂತಲ್ಲ” ಎಂದು ತಂದೆ ನಡುವೆ ಒಮ್ಮೆ ಕೇಳಿದರು. ಬರೆದು ಕೊಡುತ್ತದೆ. ಬಹಳ ಜನ ಬಹಳ ವರ್ಷ ಬರೆದ ಭಾಷೆಯಾದರೆ ಚೆನ್ನಾಗಿಯೇ ಕೊಡುತ್ತದೆ. ತೀರ ಹೊಸ ಭಾಷೆಯಾದರೆ ಇಲ್ಲದ ಪದಗಳನ್ನೂ ಹುಟ್ಟಿಸಿಬಿಡುತ್ತದೆ. ಎರಡು ಸಂದರ್ಭದಲ್ಲೂ ತಪ್ಪು ಹಿಡಿಯಲು ಓದಿ ತಿಳಿಯುವವನೊಬ್ಬ ಬೇಕು.

ಪ್ರಾಜೆಕ್ಟಿಗೆ ಟೈಪ್‌ಸ್ಕ್ರಿಪ್ಟ್ ಎಂದಾಯಿತು. ಡಾರ್ಟಿನ ಆಸೆಯನ್ನು ಹುಡುಗ ಬಿಟ್ಟಿಲ್ಲ. ಕೋರ್ಸಿನ ಹಣದ ಮಾತನ್ನು ಒಂದು ತೊಗರಿ ಸುಗ್ಗಿ ಆ್ಯಪ್ ಓಡಿಸಿ ನೋಡಿದ ಮೇಲೆ ಆಡೋಣ ಎಂದು ಅಪ್ಪ ಮಗ ಇಬ್ಬರೂ ಒಪ್ಪಿದರು.

ಮೊದಲ ದಿನದ ಪಟ್ಟಿ ನೋಡಿದ ತಂದೆಯೇ ತಪ್ಪು ಹಿಡಿದರು. ಕ್ರಮಸಂಖ್ಯೆ 3, ರೈತನ ಹೆಸರು ಉರ್ದುವಿನಲ್ಲಿ, ಮುಂದೆ 12 ಚೀಲ ಎಂದು ಬರಬೇಕು. ಪರದೆಯ ಮೇಲೆ 12 ಹೆಸರನ್ನು ದಾಟಿ ಈಚೆಗೆ ಹಾರಿ 3ರ ಪಕ್ಕ ಕೂತಿತ್ತು. ಬಲದಿಂದ ಎಡಕ್ಕೆ ಓಡುವ ಲಿಪಿ ತನ್ನ ಬೆನ್ನಿಗಿದ್ದ ಅಂಕಿಯನ್ನೂ ಎಳೆದುಕೊಂಡು ಹೋಗಿತ್ತು. ಹೆಸರನ್ನು ಪ್ರತ್ಯೇಕವಾಗಿ ಕಟ್ಟಿಡಲು ವೆಬ್ ಪುಟಗಳಲ್ಲಿ ‘ಬಿಡಿಐ’ ಎಂಬ ಮೂರಕ್ಷರದ ಒಂದು ಗುರುತಿದೆ. ಹುಡುಗ ಅದನ್ನು ಹುಡುಕಿ ಹಾಕುವ ಹೊತ್ತಿಗೆ ತಂದೆ ಖಾತೆಯ ಪುಸ್ತಕ ತೆಗೆದು, ಅಂತಹ ಹೆಸರುಗಳು ಒಟ್ಟು ಎಷ್ಟಿವೆ ಎಂದು ಎಣಿಸುತ್ತ ಕೂತಿದ್ದರು.