ಗೋಕಾಕ, ಮೂಡಲಗಿ, ಹುಕ್ಕೇರಿ ಮತ್ತು ಎರಡೇ ಎರಡು ಕ್ವೆರಿ

ಡೇಟಾಬೇಸ್ ಅಂದ ಕೂಡ್ಲೆ ಓಡಿಹೋಗಬೇಡಿ. ಇದು ನಮ್ಮ ಬೆಳಗಾವಿ ಜಿಲ್ಲೆಯ ಊರುಗಳ ಕಥೆನೂ ಹೌದು :-)

ಜಾಂಗೊದ 'ಪ್ರಿಫೆಚ್ ರಿಲೇಟೆಡ್' (2012ರಲ್ಲಿ 1.4ನೇ ಆವೃತ್ತಿಯ ಜೊತೆ ಬಂದಿದ್ದು) ನಿಜಕ್ಕೂ ಏನು ಮಾಡುತ್ತೆ ಅಂತ ನೋಡೋಣ ಅನ್ನಿಸಿತು. ತಾಲ್ಲೂಕು, ಊರು ಅಂತ ಎರಡು ಟೇಬಲ್. ಗೋಕಾಕಕ್ಕೆ ಕೊಣ್ಣೂರು, ಅಂಕಲಗಿ. ಹುಕ್ಕೇರಿಗೆ ಸಂಕೇಶ್ವರ, ಯಮಕನಮರಡಿ. ಮೂಡಲಗಿಗೆ ಕಲ್ಲೋಳಿ, ಯಾದವಾಡ.

ಸುಮ್ಮನೆ ಲೂಪ್ ಹಾಕಿದ್ರೆ ತಾಲ್ಲೂಕುಗಳಿಗೆ 1, ಆಮೇಲೆ ಒಂದೊಂದು ತಾಲ್ಲೂಕಿನ ಊರುಗಳಿಗೆ ಒಂದೊಂದು, ಒಟ್ಟು 4 ಕ್ವೆರಿ. ಕರದಂಟಿನ ಪ್ರತಿ ಪೊಟ್ಟಣಕ್ಕೂ ಗೋಕಾಕದ ಬಸ್ಸು ಹತ್ತಿದ ಹಾಗೆ! ಪ್ರಿಫೆಚ್ ಮಾಡಿದ್ರೆ 2. ಎರಡನೇ ಕ್ವೆರಿ ಮೂರೂ ತಾಲ್ಲೂಕಿನ ಐಡಿ ಹಿಡ್ಕೊಂಡು ಎಲ್ಲಾ ಊರನ್ನೂ ಒಟ್ಟಿಗೇ ತರುತ್ತೆ, ಹಂಚೋ ಕೆಲಸ ಪೈಥಾನಿಂದು. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕು ತುಂಬಿದ್ರೂ ಅದೇ 2.

ಗಮನಿಸಿ, ಒಂದೇ ತಾಲ್ಲೂಕು ಇಟ್ಕೊಂಡು ಟೆಸ್ಟ್ ಬರೆದ್ರೆ ಪ್ರಯೋಜನ ಇಲ್ಲ. ಪ್ರಿಫೆಚ್ ಇಲ್ಲದಿದ್ರೂ 1+1, ಇದ್ರೂ 2. ಟೆಸ್ಟ್ ಹೇಗಿದ್ರೂ ಪಾಸು! ಸಮಯ ಅಳೆಯೋದೂ ದಂಡ, ಲ್ಯಾಪ್‌ಟಾಪಿನ ಎಸ್‌ಕ್ಯೂಲೈಟ್‌ನಲ್ಲಿ ಎಲ್ಲವೂ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ. 'ಅಸರ್ಟ್ ನಮ್ ಕ್ವೆರೀಸ್' ಹಾಕಿ ಎಣಿಸಬೇಕು.

ಇನ್ನೊಂದು ಮಜಾ. ಪ್ರಿಫೆಚ್ ಆದ ಮೇಲೆ ಲೂಪಿನೊಳಗೆ 'ಆಲ್' ಬದಲು 'ಫಿಲ್ಟರ್' ಅಂತ ಕರೆದ್ರೆ, ತಂದಿಟ್ಟಿದ್ದನ್ನ ಅದು ತಿರುಗಿಯೂ ನೋಡೋಲ್ಲ. 2 ಜೊತೆ 3, ಅಂದ್ರೆ 5. ಮುಂಚೆಗಿಂತ ಒಂದು ಜಾಸ್ತಿ! ಫಿಲ್ಟರನ್ನ 'ಪ್ರಿಫೆಚ್' ಆಬ್ಜೆಕ್ಟಿನೊಳಗೇ ಇಟ್ರೆ ಮತ್ತೆ 2.

ನನಗೆ ನಿಜಕ್ಕೂ ಯೋಚನೆಗೆ ಹಚ್ಚಿದ್ದು ಮೂಡಲಗಿ. ಮೊದಲು ಅದು ಗೋಕಾಕ ತಾಲ್ಲೂಕಿನಲ್ಲೇ ಇತ್ತು, 2018ರ ಹೊತ್ತಿಗೆ ಬೇರೆ ತಾಲ್ಲೂಕಾಯ್ತು. ಅದನ್ನೇ ಟೆಸ್ಟ್ ಮಾಡಿದೆ. ಕಲ್ಲೋಳಿಯನ್ನ ಗೋಕಾಕದ ಕೆಳಗೇ ಇಟ್ಟು ಪ್ರಿಫೆಚ್ ಮಾಡಿದೆ, ಆಮೇಲೆ ಬೇರೆ ಕಡೆಯಿಂದ ಅದನ್ನ ಮೂಡಲಗಿಗೆ ವರ್ಗಾಯಿಸಿ ಸೇವ್ ಮಾಡಿದೆ. ಡೇಟಾಬೇಸಲ್ಲಿ ಕಲ್ಲೋಳಿ ಮೂಡಲಗಿಯದು. ಕೈಯಲ್ಲಿದ್ದ ಗೋಕಾಕದ ಪಟ್ಟಿಯಲ್ಲಿ ಮಾತ್ರ ಇನ್ನೂ ಗೋಕಾಕದ್ದೇ. ಹೊಸದಾಗಿ ತಂದ ಮೇಲೇ ಸರಿಹೋಗಿದ್ದು.

ಕಂಪ್ಯೂಟರಿಗೆ ಅದೊಂದು ಹಳೇ ಐಡಿ ಅಷ್ಟೇ. ಕಲ್ಲೋಳಿಯ ರೈತನಿಗೆ ತಹಶೀಲ್ದಾರ್ ಕಚೇರಿ ಗೋಕಾಕದಲ್ಲೋ ಮೂಡಲಗಿಯಲ್ಲೋ ಅನ್ನೋದು ಅರ್ಧ ದಿನದ ಪ್ರಶ್ನೆ. ಅದಕ್ಕೇ ಕ್ವೆರಿ ಎಣಿಸೋ ಟೆಸ್ಟಿನ ಪಕ್ಕದಲ್ಲೇ ಈ ಕಲ್ಲೋಳಿ ಟೆಸ್ಟನ್ನೂ ಉಳಿಸಿಕೊಂಡಿದೀನಿ.