ಒಂದು ನಿಮಿಷ ಸುಮ್ಮನಿರಿ

34 ವರ್ಷ ಮೇಷ್ಟ್ರ ಕೆಲಸ ಮಾಡಿದ ನಾನು ತರಗತಿಯಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ನನ್ನ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ, ಅವರು ವ್ಯಾಕರಣದ ಸೂತ್ರವನ್ನಾಗಲಿ ಪದ್ಯದ ಸಾಲನ್ನಾಗಲಿ ಹೇಳಲಾರರು. ‘ಸುಮ್ನಿರ್ರೋ’ ಎಂದಷ್ಟೇ ಹೇಳಿ ನಗುವರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ನಾನು ಪಾಠ ಹೇಳಿದ ಶಾಲೆಗಳ ಗೋಡೆಗಳಿಗೂ ಆ ಮಾತು ಬಾಯಿಪಾಠವಾಗಿದ್ದಿರಬೇಕು. ಅಂಥ ನನಗೇ ಒಬ್ಬ ಹುಡುಗ ‘ಒಂದು ನಿಮಿಷ ಸುಮ್ಮನಿರಿ’ ಎಂದದ್ದನ್ನೂ, ನಾನು ಅದನ್ನು ಪಾಲಿಸಲಾರದೆ ಹೋದದ್ದನ್ನೂ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ತುರುವೇಕೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ನನ್ನ ವಿದ್ಯಾರ್ಥಿಯೊಬ್ಬ ಸಿನಿಮಾ ಸೇರಿದ. ಹೆಸರು ಬರೆಯಕೂಡದೆಂದು ಅವನೇ ಕಟ್ಟಪ್ಪಣೆ ಮಾಡಿದ್ದಾನೆ. ಅವನೊಡನೆ ಒಂದೇ ಬೆಂಚಿನಲ್ಲಿ ಕುಳಿತ ನೀವು ಕೆಲವರು ಗುರುತು ಹಿಡಿದರೆ ಅದು ನನ್ನ ತಪ್ಪಲ್ಲ. ಮಗ ಸಿನಿಮಾಕ್ಕೆ ಹೋದನೆಂದು ತಿಳಿದಾಗ ಅವನ ತಂದೆ ನನ್ನ ಬಳಿಗೆ ಬಂದು, “ನಮ್ಮೋನು ನರಸಿಂಹರಾಜು ಆಗ್ತಾನಾ ಮೇಷ್ಟ್ರೇ?” ಎಂದು ಕೇಳಿದ್ದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹಾಸ್ಯ ಚಕ್ರವರ್ತಿ ನರಸಿಂಹರಾಜು 1923ರಲ್ಲಿ ಹುಟ್ಟಿದ್ದು ತಿಪಟೂರಿನಲ್ಲಿಯೇ. ನಮ್ಮ ಸೀಮೆಯವರಿಗೆ ಸಿನಿಮಾ ಎಂದರೆ ಮೊದಲು ನೆನಪಾಗುವುದು ಅವರ ಮುಖ.

ಆದರೆ ನಮ್ಮ ಹುಡುಗ ಹಿಡಿದ ದಾರಿ ಬೇರೆ. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ ಮುಂತಾದ ಚಿತ್ರಗಳು 1970ರ ದಶಕದಲ್ಲಿ ಕನ್ನಡಕ್ಕೆ ಸ್ವರ್ಣಕಮಲಗಳನ್ನು ತಂದುಕೊಟ್ಟ ದಾರಿ ಅದು. ಹಣಕ್ಕಿಂತ ಹೆಚ್ಚಾಗಿ ಸ್ನೇಹವನ್ನೇ ಬಂಡವಾಳ ಮಾಡಿಕೊಂಡು ತೆಗೆಯುವ ಚಿತ್ರಗಳು. ಅಲ್ಲಿ ಅವನು ಸಹಾಯಕ ನಿರ್ದೇಶಕ. ಕೇಳುವುದಕ್ಕೆ ಗಂಭೀರವಾದ ಈ ಹುದ್ದೆಯಲ್ಲಿ ಬೆಳಗಿನ ನಾಲ್ಕಕ್ಕೆ ನಟರನ್ನು ಎಬ್ಬಿಸಬೇಕು, ಬಟ್ಟೆಗೆ ಇಸ್ತ್ರಿ ಮಾಡಿಸಬೇಕು, ಹಿಂದಿನ ದೃಶ್ಯದಲ್ಲಿ ಲೋಟ ಯಾವ ಕೈಯಲ್ಲಿತ್ತೆಂದು ಬರೆದಿಟ್ಟುಕೊಳ್ಳಬೇಕು, ರಸ್ತೆಯಲ್ಲಿ ಬಂದವರಿಗೆಲ್ಲ ಕೈಮುಗಿದು ನಿಲ್ಲಿಸಬೇಕು. ಸಂಬಳ ಸ್ವಲ್ಪ ಮುಂಗಡ, ಮಿಕ್ಕದ್ದು ಚಿತ್ರ ಬಿಡುಗಡೆಯಾದ ಮೇಲೆ. ಬಿಡುಗಡೆಯಾದರೂ ಜನರೆಲ್ಲ ಕೆಲಸಕ್ಕೆ ಹೊರಡುವ ವೇಳೆಗೆ ಒಂದು ಆಟ ಸಿಕ್ಕೀತು. ಮುಂದಿನ ಶುಕ್ರವಾರಕ್ಕೆ ಅದೂ ಇಲ್ಲ. ಹೀಗೆ ಹನ್ನೆರಡು ವರ್ಷ ಬಾಡಿಗೆ ಕೋಣೆಗಳಲ್ಲಿ ಕಳೆದ. ಆ ಕೋಣೆಗಳಲ್ಲಿ ಅವನ ಜೊತೆಗಿದ್ದವನು ಧಾರವಾಡದ ಕಡೆಯ ಒಬ್ಬ ಹುಡುಗ, ಶಬ್ದಗ್ರಹಣದ ಕೆಲಸದವನು. ಒಬ್ಬನಿಗೆ ಕೆಲಸವಿದ್ದ ತಿಂಗಳು ಇಬ್ಬರಿಗೂ ಊಟ. ಇಬ್ಬರಿಗೂ ಇಲ್ಲದ ತಿಂಗಳು ನಮ್ಮೂರಿನಿಂದ ತೆಂಗಿನಕಾಯಿಯೂ ಆ ಕಡೆಯಿಂದ ಜೋಳದ ರೊಟ್ಟಿಯೂ ಬಸ್ಸಿನಲ್ಲಿ ಹೋಗುತ್ತಿದ್ದವು.

2016ರಲ್ಲಿ ‘ತಿಥಿ’ ತೆರೆಕಂಡಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತ ಹಳ್ಳಿಯವರನ್ನೇ ಹಾಕಿಕೊಂಡು ತೆಗೆದ ಆ ಚಿತ್ರ ಅದಕ್ಕೂ ಮೊದಲು, 2015ರಲ್ಲಿ, ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತ್ತು. ಅದನ್ನು ನೋಡಿ ಬಂದ ರಾತ್ರಿ ಇಬ್ಬರೂ ನಮ್ಮ ತೋಟದಲ್ಲೇ ಒಂದು ಸಿನಿಮಾ ತೆಗೆಯೋಣವೆಂದು ನಿಶ್ಚಯಿಸಿದರಂತೆ. ನಿಶ್ಚಯ ಕೈಗೂಡಲು ಮೂರು ವರ್ಷ ಬೇಕಾಯಿತು. 2019ರ ಸಂಕ್ರಾಂತಿ ಕಳೆದ ಮೇಲೆ ಹದಿನಾರು ಜನ ಅವನ ಊರಿನ ಮನೆಗೆ ಬಂದಿಳಿದರು. ಹಣ? ಅಟ್ಟದ ಮೇಲಿತ್ತು. ನಮ್ಮ ಸೀಮೆಯ ಕ್ರಮ ನಿಮಗೆ ಗೊತ್ತೇ ಇದೆ, ಆದರೆ ಬೆಂಗಳೂರಿನಲ್ಲಿ ಬೆಳೆದ ನನ್ನ ಮೊಮ್ಮಕ್ಕಳಿಗಾಗಿ ಬರೆಯುತ್ತೇನೆ: ಬಲಿತ ಕಾಯಿಯನ್ನು ಸುಲಿಯದೆ ವರ್ಷದ ಹತ್ತಿರ ಅಟ್ಟದಲ್ಲಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಅಲ್ಲಾಡಿಸಿದರೆ ಸದ್ದು ಮಾಡಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆದು ತಿಪಟೂರಿನ ಮಾರುಕಟ್ಟೆಗೆ ಹಾಕುವುದು. ಮಗ ಕೇಳಿದನೆಂದು ಆ ಯಜಮಾನರು ಒಂದು ವರ್ಷದ ಅಟ್ಟವನ್ನು ಬರಿದು ಮಾಡಿದರು. ಮನೆಯಲ್ಲಿ ಎರಡು ದಿನ ಯಾರೂ ಮಾತಾಡಲಿಲ್ಲವೆಂದು ಕೇಳಿದೆ.

ಅದರಲ್ಲಿ ನನಗೂ ಒಂದು ಪಾತ್ರ. ಮೇಷ್ಟ್ರ ಪಾತ್ರ, ನಟಿಸುವ ಕಷ್ಟವಿಲ್ಲವೆಂದು ಒಪ್ಪಿದೆ. ಕಷ್ಟವಿದ್ದದ್ದು ಬೇರೆ ಕಡೆ. ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಕುಳಿತು ಹೇಳಿಸುವ ಪದ್ಧತಿ ಇವರದಲ್ಲ. ಆಡಿದ ಮಾತನ್ನು ಆಡಿದ ಜಾಗದಲ್ಲೇ ಹಿಡಿಯುವುದು. ಧಾರವಾಡದ ಹುಡುಗ ಉದ್ದನೆಯ ಕೋಲಿಗೆ ಮೈಕು ಕಟ್ಟಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತೋಟದಲ್ಲೆಲ್ಲ ಓಡಾಡುತ್ತಿದ್ದ. ತ್ರೀಫೇಸ್ ಕರೆಂಟು ಬಂದರೆ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾಗಿ ಚಿತ್ರೀಕರಣ ನಿಲ್ಲುತ್ತಿತ್ತು. ಆದ್ದರಿಂದ ಅವರ ದಿನಚರಿಯನ್ನು ಗೊತ್ತುಮಾಡುತ್ತಿದ್ದುದು ಸೂರ್ಯನಲ್ಲ, ಲೈನ್‌ಮ್ಯಾನ್. ನಾನು ಬಹಳ ಚೆನ್ನಾಗಿ ಮಾತು ಒಪ್ಪಿಸಿದ್ದೆನೆಂದು ಅಂದುಕೊಂಡ ಒಂದು ಟೇಕಿನ ಕೊನೆಗೆ ಸರಿಯಾಗಿ ಒಣಗಿದ ಗರಿಯೊಂದು ಬಿತ್ತು. ಮತ್ತೆ ಮೊದಲಿನಿಂದ.

ಪ್ರತಿಯೊಂದು ದೃಶ್ಯ ಮುಗಿದ ಮೇಲೂ ಆ ಹುಡುಗ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, “ಒಂದ ನಿಮಿಷ ಯಾರೂ ಮಾತಾಡಬ್ಯಾಡ್ರಿ” ಎನ್ನುತ್ತಿದ್ದ. ಆ ಜಾಗದ ಬರಿಯ ಮೌನವನ್ನು ಹಿಡಿದಿಟ್ಟುಕೊಳ್ಳುವುದಂತೆ. ರೂಮ್ ಟೋನ್ ಎನ್ನುತ್ತಾರೆ. ಮಾತು ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ನಡುವೆ ಅದನ್ನು ತುಂಬದಿದ್ದರೆ ಕೇಳುವವನಿಗೆ ಹಳ್ಳಕ್ಕೆ ಬಿದ್ದ ಹಾಗಾಗುತ್ತದೆಂದು ವಿವರಿಸಿದ. ನನಗೆ ಕಾಲುನೋವು, ಮೇಲಾಗಿ ಊಟದ ಹೊತ್ತು. “ಸುಮ್ಮನೆ ನಿಲ್ಲುವುದೂ ಒಂದು ಕೆಲಸವೇನಯ್ಯಾ?” ಎಂದುಬಿಟ್ಟೆ. ಅವನು ಸಿಟ್ಟಾಗಲಿಲ್ಲ. “ಸುಮ್ಮ ನಿಂದ್ರೋದ ದೊಡ್ಡ ಕೆಲಸ್ರಿ ಸರ್. ನಿಮ್ಮ ಸಾಲ್ಯಾಗ ನಾ ಹಿಂಗ ಮಾತಾಡಿದ್ರ ಬೆಂಚಿನ ಮ್ಯಾಲ ನಿಂದ್ರಸ್ತಿದ್ರಿ” ಎಂದು ನಕ್ಕ. ಎಲ್ಲರೂ ನಕ್ಕರು. ಅವನು ಕೈಗಡಿಯಾರ ನೋಡಿಕೊಂಡು ಮತ್ತೆ ಹೊಸದಾಗಿ ಒಂದು ನಿಮಿಷ ಎಣಿಸಿದ.

22 ದಿನಕ್ಕೆ ಹಣ ಮುಗಿಯಿತು. ಮಳೆಗಾಲದ ದೃಶ್ಯಗಳು ಉಳಿದವು. ಮುಂದಿನ ವರ್ಷವೆಂದರು, ಮುಂದಿನ ವರ್ಷ 2020.

2021ರ ಮೇ ತಿಂಗಳಲ್ಲಿ ಆ ಹುಡುಗ ಬೆಂಗಳೂರಿನಲ್ಲಿ ಕೋವಿಡ್ಡಿಗೆ ತುತ್ತಾದ. ನಮ್ಮವನು ಲಾಕ್‌ಡೌನಿನಿಂದಾಗಿ ಊರಿನಲ್ಲಿದ್ದ. ಮೂರು ದಿನ ತೋಟದ ಬದುವಿನ ಮೇಲೆ, ಸಿಗ್ನಲ್ ಸಿಗುವ ಒಂದು ಮರದ ಕೆಳಗೆ ಕುಳಿತು, ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಯಾರು ಯಾರಿಗೋ ಫೋನು ಮಾಡಿದ. ನಾಲ್ಕನೆಯ ದಿನ ಮಾಡಲು ಕಾರಣವಿರಲಿಲ್ಲ. ಮುಖ ನೋಡಲಾಗಲಿಲ್ಲ, ಹೆಗಲು ಕೊಡಲಾಗಲಿಲ್ಲ.

ಮರುತಿಂಗಳು ಸಂಚಾರಿ ವಿಜಯ್ ತೀರಿಕೊಂಡರು. ನಮ್ಮ ಸೀಮೆಗೆ ದೂರವಲ್ಲದ, ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು. 1983ರಲ್ಲಿ ಹುಟ್ಟಿದವರು, ನಮ್ಮ ಹುಡುಗನ ವಯಸ್ಸೇ. ‘ಸಂಚಾರಿ’ ಎಂಬುದು ಅವರು ರಂಗಭೂಮಿ ಕಲಿತ ತಂಡದ ಹೆಸರು. ಅದನ್ನೇ ತಮ್ಮ ಹೆಸರಿನ ಹಿಂದೆ ಇಟ್ಟುಕೊಂಡವರು. ‘ನಾನು ಅವನಲ್ಲ... ಅವಳು’ ಚಿತ್ರದ ಪಾತ್ರಕ್ಕೆ 2015ರಲ್ಲಿ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಕನ್ನಡ ಚಿತ್ರಕ್ಕೆ ಆ ಗೌರವ ತಂದವರಲ್ಲಿ ವಾಸುದೇವರಾವ್, ಚಾರುಹಾಸನ್ ಆದ ಮೇಲೆ ಅವರು ಮೂರನೆಯವರು. ಅದೇ ವರ್ಷ ಶ್ರೇಷ್ಠ ಕನ್ನಡ ಚಿತ್ರವೆನಿಸಿದ ‘ಹರಿವು’ ಚಿತ್ರದಲ್ಲಿಯೂ ಅವರದೇ ಮುಖ್ಯ ಪಾತ್ರ. ದೊಡ್ಡ ನಗರದಲ್ಲಿ ಸತ್ತ ಮಗನನ್ನು ಊರಿಗೆ ಒಯ್ಯಬೇಕಾದ ಬಡ ತಂದೆಯ ಪಾತ್ರ. ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಅವರು ರೋಗಿಗಳಿಗೆ ಆಮ್ಲಜನಕ ತಲುಪಿಸುವ ಸ್ವಯಂಸೇವಕರೊಡನೆ ದುಡಿದರು. ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ, ಮಿದುಳು ನಿಷ್ಕ್ರಿಯವಾದ ಮೇಲೆ ಮನೆಯವರು ಅಂಗಾಂಗಗಳನ್ನು ದಾನ ಮಾಡಿದರು. 15ರಂದು ಪಂಚನಹಳ್ಳಿಯಲ್ಲಿ, ಗೆಳೆಯರೊಬ್ಬರ ತೋಟದಲ್ಲಿ, ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು.

ನಮ್ಮವನಿಗೆ ವಿಜಯ್ ಅವರ ಪರಿಚಯವೇನೂ ಇರಲಿಲ್ಲ. ಆದರೂ ಲಾಕ್‌ಡೌನಿನ ನಡುವೆ ಒಳದಾರಿಗಳಲ್ಲಿ ಬೈಕ್ ಓಡಿಸಿಕೊಂಡು ಹೋದ. ಜನರಿಂದ ದೂರದಲ್ಲಿ ನಿಂತು ಬಂದನಂತೆ. ಸಂಜೆ ನಮ್ಮ ಮನೆಯ ಗೇಟಿನ ಹೊರಗೇ ನಿಂತು, “ಒಬ್ಬನ ಮಣ್ಣಿಗಾದ್ರೂ ಹೋಗ್ಬೇಕಿತ್ತು ಸಾರ್” ಎಂದ. ನಾನು ಒಳಗೆ ಕರೆಯಲಿಲ್ಲ. ಆ ದಿನಗಳಲ್ಲಿ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ, ನಿಜ, ಆದರೂ ಕರೆಯಬೇಕಿತ್ತು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮರುವರ್ಷ ಅವನ ತಂದೆ ಬಂದು, ಮಗ ಕಂಪ್ಯೂಟರ್ ಎದುರು ಗಂಟೆಗಟ್ಟಲೆ ಕೂರುತ್ತಾನೆ, ಏನೂ ಮಾಡುವುದಿಲ್ಲವೆಂದರು. ನಾನು ಹುಡುಗನನ್ನು ಕರೆಸಿ, “ಆದದ್ದಾಯಿತು, ಆ ಚಿತ್ರವನ್ನು ಕಟ್ಟಿಡು, ತೋಟ ನೋಡಿಕೋ” ಎಂದು ಬುದ್ಧಿ ಹೇಳಿದೆ. ನನ್ನ ಮಾತು ಮೀರಿದವನಲ್ಲ. ಕಟ್ಟಿಟ್ಟ. 2023ರಲ್ಲಿ ಕೊಬ್ಬರಿ ಕ್ವಿಂಟಲಿಗೆ 8,000 ರೂಪಾಯಿಯ ಆಸುಪಾಸಿಗೆ ಕುಸಿದು, 11,750ರ ಬೆಂಬಲ ಬೆಲೆಗಾಗಿ ರೈತರು ಹೋರಾಟಕ್ಕಿಳಿದಾಗ ಅವನೂ ಬೀದಿಯಲ್ಲಿ ನಿಂತಿದ್ದ. ಒಳ್ಳೆಯ ಬೇಸಾಯಗಾರನಾದನೆಂದು ನನಗೆ ಒಳಗೊಳಗೇ ಹೆಮ್ಮೆ. ಅವನು ಏಕೆ ಸುಮ್ಮನೆ ಕೂರುತ್ತಿದ್ದನೆಂದು ಮಾತ್ರ ನಾನು ಕೇಳಿರಲಿಲ್ಲ. ಪ್ರತಿ ಟೇಕಿನ ಆರಂಭದಲ್ಲಿ ದೃಶ್ಯದ ಸಂಖ್ಯೆಯನ್ನು ಕೂಗಿ ಹೇಳುತ್ತಿದ್ದವನು ಆ ಧಾರವಾಡದ ಹುಡುಗ. ಚಿತ್ರದ ಯಾವ ತುಂಡನ್ನು ತೆರೆದರೂ ಮೊದಲು ಕೇಳುವುದು ಅವನ ದನಿ. ಸಂಕಲನವೆಂದರೆ ಆ ದನಿಯನ್ನು ಕತ್ತರಿಸಿ ಎಸೆಯುತ್ತ ಹೋಗುವುದು.

2025ರಲ್ಲಿ ಕೊಬ್ಬರಿ 25,000 ದಾಟಿತು. ಅಟ್ಟದಲ್ಲಿದ್ದುದನ್ನು ಮಾರಿದ ದಿನ ಯಜಮಾನರು ಮಗನ ಹಳೆಯ ಲೆಕ್ಕದ ಪುಸ್ತಕವನ್ನು ತಾವೇ ತೆಗೆದರಂತೆ. ಅದರಲ್ಲಿ ಗೆಳೆಯನ ಹೆಸರಿನ ಮುಂದೆ 22 ದಿನದ ಸಂಬಳ, ಅದರ ಮುಂದೆ ‘ಬಾಕಿ’. “ಸತ್ತೋರ ದುಡ್ಡು ಮನೇಲಿ ಇಟ್ಕಬಾರ್ದು. ಮೊದ್ಲು ಅವ್ರ ತಾಯಿಗೆ ಕೊಟ್ಟು ಬಾ” ಎಂದರು. ಈ ಮನುಷ್ಯ ಒಂದೇ ಒಂದು ಕಲಾತ್ಮಕ ಚಿತ್ರವನ್ನೂ ನೋಡಿದವರಲ್ಲ.

ಧಾರವಾಡದ ಕಡೆಯ ಆ ತಾಯಿ ಹಣವನ್ನು ದೇವರ ಮುಂದಿಟ್ಟು, ಊಟಕ್ಕೆ ಬಡಿಸುತ್ತ, “ಅವನ ದನಿ ಏನರ ಐತೇನಪಾ ನಿನ್ನ ಕಡೆ?” ಎಂದು ಕೇಳಿದರಂತೆ. ಅವರ ಬಳಿ ಮಗನ ಫೋಟೋಗಳಿದ್ದವು. ದನಿ ಇರಲಿಲ್ಲ.

ಹಿಂತಿರುಗಿ ಬಂದವನು ಕಟ್ಟಿಟ್ಟಿದ್ದನ್ನು ಬಿಚ್ಚಿದ. ಇತರರೆಲ್ಲ ಎಸೆಯುವ ತುಂಡುಗಳನ್ನೇ ಒಂದೊಂದಾಗಿ ಆಯ್ದು ಜೋಡಿಸಿ, ನಲವತ್ತು ನಿಮಿಷದಷ್ಟು ಮಾಡಿ, ಆ ತಾಯಿಗೆ ಕಳುಹಿಸುವ ಮೊದಲು ನನಗೆ ಕೇಳಿಸಲು ತಂದಿದ್ದ. ಸಂಖ್ಯೆಗಳು, ಕೆಮ್ಮು, ಬೈಗುಳ, ನಗು, ಚಹಾಕ್ಕಾಗಿ ಕೂಗು. ನಡುವೆ ನನ್ನ ದನಿಯೂ ಬಂತು: “ಸುಮ್ಮನೆ ನಿಲ್ಲುವುದೂ ಒಂದು ಕೆಲಸವೇನಯ್ಯಾ?” ನನ್ನ ದನಿ ಅಷ್ಟು ಗಡಸೆಂದು ನನಗೆ ತಿಳಿದಿರಲಿಲ್ಲ. ಅವನ ಉತ್ತರ ಬಂತು, ಎಲ್ಲರ ನಗು ಬಂತು. ಆಮೇಲೆ ಅವನು, “ಹಾಂ, ಈಗ. ಒಂದ ನಿಮಿಷ” ಎಂದ.

ಅಷ್ಟರಲ್ಲಿ ನಮ್ಮ ಮನೆಯಾಕೆ ಕಾಫಿ ಹಿಡಿದು ಏನೋ ಹೇಳುತ್ತ ಒಳಗೆ ಬಂದಳು. ನಾನು ಕೈಯೆತ್ತಿದೆ. ಅವಳು ಬಾಗಿಲಲ್ಲೇ ನಿಂತಳು. ಪೆಟ್ಟಿಗೆಯೊಳಗಿನಿಂದ ಗರಿಗಳ ಮೇಲೆ ಗಾಳಿ ಆಡುವ ಸದ್ದು, ದೂರದಲ್ಲೆಲ್ಲೋ ಒಂದು ಕರು, ಬಹಳ ಹತ್ತಿರದಲ್ಲಿ, ಮೈಕಿಗೆ ಅಂಟಿಕೊಂಡಂತೆ, ಯಾರದೋ ಉಸಿರು ಕೇಳುತ್ತಿತ್ತು. ಕಾಫಿಯ ಲೋಟಗಳನ್ನು ಹಿಡಿದುಕೊಂಡೇ ಅವಳು ಆ ನಿಮಿಷ ಮುಗಿಯುವವರೆಗೆ ನಿಂತಿದ್ದಳು.