ಉತ್ತರ ಕೊಡಬೇಕಾದವರು ಮನೆಯವರು

ಎಳ್ಳಮವಾಸಿಯ ಮಧ್ಯಾಹ್ನ. ಯಾದಗಿರಿ ಸೀಮೆಯ ಗೋಗಿಯ ನಮ್ಮ ಹೊಲದಲ್ಲಿ ಬನ್ನಿಗಿಡದ ಬುಡದ ಐದು ಕಲ್ಲುಗಳಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮುಗಿಸಿದ್ದಾರೆ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದ ಗಂಡಸರು ಕೈಕಾಲು ತೊಳೆದು ಜಮಖಾನದ ಮೇಲೆ ಕೂತಿದ್ದಾರೆ. ಅಣ್ಣನ ಹೆಂಡತಿ, ನಮ್ಮ ವೈನಿ, ಬುತ್ತಿ ಬಿಚ್ಚುತ್ತಾರೆ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಅಂಬಲಿ. ಹತ್ತಿ ಒಡೆದು ಸುತ್ತಲ ಹೊಲವೆಲ್ಲ ಬೆಳ್ಳಗಾಗಿದೆ. ವರ್ಷವೆಲ್ಲ ಇಲ್ಲಿ ಕಳೆ ತೆಗೆದು ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಬದುವಿನ ಆಚೆ ಸೆರಗು ಹೊದ್ದು ಕೂತಿದ್ದಾರೆ. ಈ ದಿನ ಹೊಲಕ್ಕೆ ಬಂದವರು ಉಣ್ಣದೆ ಹೋಗುವಂತಿಲ್ಲ.

ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದ ಅಣ್ಣನ ಮಗ ಜೊತೆಗೊಬ್ಬ ಗೆಳೆಯನನ್ನು ಕರೆತಂದಿದ್ದಾನೆ. ಇಬ್ಬರೂ ಅಲ್ಲಿ ಒಂದೇ ಗೋದಾಮಿನಲ್ಲಿ ಆನ್‌ಲೈನ್ ಸಾಮಾನು ವಿಂಗಡಿಸುವ ಕೆಲಸದವರು, ಒಂದೇ ಖೋಲಿಯಲ್ಲಿ ಇರುವವರು. ಗೆಳೆಯ ಯಲ್ಲಾಪುರ ಕಡೆಯ ಸಿದ್ದಿ ಹುಡುಗ. ಗುಂಗುರು ಕೂದಲು, ಕಡುಕಪ್ಪು ಮೈಬಣ್ಣ, ತೋಳು ಮಡಚಿದ ಬಿಳಿ ಅಂಗಿ. ಅವನು ಮೊದಲ ರೊಟ್ಟಿ ಮುರಿಯುವಷ್ಟರಲ್ಲಿ ಬಾಜು ಹೊಲದ ಹಿರಿಯರೊಬ್ಬರು ಬಂದು ಜಮಖಾನದ ಅಂಚಿಗೆ ಕೂಡುತ್ತಾರೆ. ಅವರ ಕಣ್ಣು ನೇರ ಅವನ ಮೇಲೆ.

"ಇವ ಯಾವ ದೇಶದಾಂವಪಾ? ಆಫ್ರಿಕಾದಾಂವೇನು?"

"ಯಲ್ಲಾಪುರದವನು. ನಮ್ಮದು ಉತ್ತರ ಕನ್ನಡ ಜಿಲ್ಲೆ" ಎನ್ನುತ್ತಾನೆ ಹುಡುಗ.

"ಅಲೆಲೆಲೆ! ಕನ್ನಡ ಎಷ್ಟ್ ಛಲೋ ಮಾತಾಡ್ತಾನ!" ಎಲ್ಲರೂ ನಗುತ್ತಾರೆ. ಆ ನಗುವಿಗೆ ಹುರುಪು ಬಂದು ಹಿರಿಯರು ಮುಂದುವರಿಯುತ್ತಾರೆ: "ಕತ್ತಲಾದ್ರ ಇವನ್ನ ಹ್ಯಾಂಗ ಹುಡುಕ್ತೀರೋ? ನಗು ಅನಬೇಕು. ಹಲ್ಲು ಕಂಡ್ರ ಸಿಕ್ಕಾನು."

ಮತ್ತೆ ನಗು. ಹುಡುಗನೂ ನಗುತ್ತಾನೆ. ಎದುರಿಗೇ ಕೂತ ನನಗೆ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿದೆ. ಹಿರಿಯರ ಮಾತು ಮುಗಿಯುವ ಮೊದಲೇ ಬಂದ ನಗು ಅದು. ತುಟಿ ಅರಳಿದೆ, ಕೆನ್ನೆ ಏರಿದೆ. ಭಜ್ಜಿಯಲ್ಲಿ ಅದ್ದಿದ ರೊಟ್ಟಿಯ ಚೂರು ಮಾತ್ರ ಬಾಯಿಗೂ ಹೋಗದೆ, ತಾಟಿಗೂ ಇಳಿಯದೆ, ಬೆರಳ ನಡುವೆ ನಿಂತಿದೆ. ಅದರಿಂದ ಭಜ್ಜಿ ತೊಟ್ಟಿಕ್ಕುತ್ತಿದೆ.

ಅಣ್ಣನ ಮಗ ಅದನ್ನು ನೋಡುತ್ತಾನೆ. ದನಿ ಏರಿಸದೆ ಕೇಳುತ್ತಾನೆ: "ಮಾಮಾ, ನನಗ ತಿಳೀಲಿಲ್ರಿ. ಅದರಾಗ ನಗೂವಂಥಾದ್ದು ಏನೈತಿ?"

"ಏ, ಮಜಾಕ್ ಮಾಡಿದ್ನಪಾ."

"ಮಜಾಕ್ ಅಂತ ಗೊತ್ತಾತ್ರಿ. ಎದರ ಮ್ಯಾಲ ಮಜಾಕ್ ಅಂತ ಕೇಳಾಕತ್ತೀನಿ."

ಜಮಖಾನದ ಮೇಲೆ ಮಾತು ನಿಲ್ಲುತ್ತದೆ. ಅವನ ಮೈಬಣ್ಣದ ಮೇಲೆ ಎಂದು ಬಿಡಿಸಿ ಹೇಳಬೇಕು; ಅವನು ಎದುರಿಗೇ ಕೂತಿದ್ದಾನೆ. ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳಲಾರದ ಮಾತು. ಹಿರಿಯರು ಕೊನೆಗೆ ಸುಲಭದ ದಾರಿ ಹಿಡಿಯುತ್ತಾರೆ: "ಅವನ ನಗಾಕತ್ತಾನ, ನಿನಗ್ಯಾಕೋ ಸಿಟ್ಟು?"

"ಅವ ನಮ್ಮ ಮನಿಗೆ ಬಂದಾಂವ್ರಿ ಮಾಮಾ. ನಗದs ಏನ್ ಮಾಡ್ಬೇಕು? ತಾಟು ಬಿಟ್ಟು ಎದ್ದು ಹೋಗ್ಬೇಕೇನು?"

ಬೈಗುಳವಿಲ್ಲ, ಭಾಷಣವಿಲ್ಲ. ಹಿರಿಯರಿಗೆ ಮುಜುಗರವಾಗಿದೆ. "ಅಂಬಲಿ ಹಾಕವಾ" ಎಂದು ವೈನಿಯತ್ತ ಲೋಟ ಚಾಚುತ್ತಾರೆ. ಅರ್ಧ ಕುಡಿದು, ಹುಡುಗನ ಕಡೆ ತಿರುಗಿ, "ನಿಮ್ಮ ಕಡೆ ಏನ್ ಬೆಳೀತೀರಪಾ ತಮ್ಮ?" ಎಂದು ಕೇಳುತ್ತಾರೆ. ಅವನು ಗದ್ದೆಯ ಮಾತು ತೆಗೆಯುತ್ತಾನೆ, ಅಡಿಕೆ ತೋಟದ ಕೂಲಿಯ ಮಾತು, ತಿಂಗಳುಗಟ್ಟಲೆ ಬಿಡದ ಮಳೆಯ ಮಾತು. ಮಳೆಗಾಗಿ ಮುಗಿಲು ನೋಡುವ ಈ ಸೀಮೆಯವರಿಗೆ ಅದು ಬೆರಗು. ಒಬ್ಬರ ಮೇಲೊಬ್ಬರು ಕೇಳತೊಡಗುತ್ತಾರೆ. ಹೇಳುತ್ತ ಹೇಳುತ್ತ ಅವನು ಎರಡು ರೊಟ್ಟಿ ಮುಗಿಸುತ್ತಾನೆ.

ಬಿಸಿಲು ಇಳಿದ ಮೇಲೆ ಹುಡುಗರಿಬ್ಬರೂ ಊರು ನೋಡಲು ಹೊರಡುತ್ತಾರೆ, ನಾನೂ ಜೊತೆಗೆ. ಗೋಗಿಗೆ ಬಂದವರು ಚಂದಾ ಹುಸೇನಿ ದರ್ಗಾ ನೋಡದೆ ಹೋಗುವುದಿಲ್ಲ. ಬಿಜಾಪುರದ ಆದಿಲ್‌ಶಾಹಿ ಮನೆತನದ ಮೊದಲ ಅರಸರು ಇಲ್ಲೇ ಮಣ್ಣಾಗಿದ್ದಾರೆ: 1510ರಲ್ಲಿ ತೀರಿಕೊಂಡ ಯೂಸುಫ್, 1534ರಲ್ಲಿ ಇಸ್ಮಾಯಿಲ್, 1558ರಲ್ಲಿ ಒಂದನೇ ಇಬ್ರಾಹಿಂ. ಯೂಸುಫ್ ಹೊರದೇಶದಿಂದ ಬಂದು ಬಹಮನಿಗಳ ಚಾಕರಿಗೆ ಸೇರಿ ಅರಸನಾದವನು. ಆ ಕಾಲದ ಆಸ್ಥಾನದಲ್ಲಿ ಎರಡು ಬಣಗಳಿದ್ದವು. ಪರ್ಷಿಯಾ ಕಡೆಯಿಂದ ಹೊಸದಾಗಿ ಬಂದವರದು ಒಂದು, ಇಲ್ಲಿಯವರೇ ಆದ ದಖ್ಖನಿಗಳದು ಇನ್ನೊಂದು. ಆಫ್ರಿಕಾದಿಂದ ಗುಲಾಮರಾಗಿ ಬಂದ ಹಬ್ಶಿಗಳು ಸೇರಿದ್ದು ದಖ್ಖನಿಗಳ ಬಣಕ್ಕೆ. ಮುಂದೆ 1580ರ ದಶಕದಲ್ಲಿ, ಎರಡನೇ ಇಬ್ರಾಹಿಂ ಇನ್ನೂ ಹುಡುಗನಾಗಿದ್ದಾಗ, ರಾಜ್ಯದ ಆಡಳಿತ ಹಿಡಿದವನು ದಿಲಾವರ್ ಖಾನ್ ಹಬ್ಶಿ. ಮುಹಮ್ಮದ್ ಆದಿಲ್‌ಶಾಹನ ಕಾಲಕ್ಕೆ ಇನ್ನೊಬ್ಬ ಹಬ್ಶಿ, ಇಖ್ಲಾಸ್ ಖಾನ್, ಮಂತ್ರಿಯಾದ. ಸುಲ್ತಾನನ ಜೊತೆ ಆನೆಯ ಮೇಲೆ ಕೂತ ಅವನ ಚಿತ್ರ ಇಂದಿಗೂ ಉಳಿದಿದೆ. ಐದುನೂರು ವರ್ಷಗಳ ಹಿಂದೆ ದಖ್ಖನಿನವರೇ ಎನಿಸಿಕೊಂಡ ಬಣ್ಣಕ್ಕೆ ಇಂದು ಅದೇ ದಖ್ಖನಿನ ಹೊಲದಲ್ಲಿ "ಯಾವ ದೇಶ" ಎಂಬ ಪ್ರಶ್ನೆ.

"ನಮ್ಮವರು ಈ ದಾರಿಯಲ್ಲಿ ಬಂದವರಲ್ಲ ಅತ್ತೆ" ಎನ್ನುತ್ತಾನೆ ಹುಡುಗ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹುಪಾಲು ಮಂದಿಯ ಹಿರಿಯರು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಹಿಡಿದು ತಂದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸೀಮೆಯಲ್ಲಿ ನೆಲೆಯಾದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಡತೊಡಗಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಬಂತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. "ಓಟದ ಯೋಜನೆ ನಿಂತರೂ ಪ್ರಶ್ನೆ ನಿಂತಿಲ್ಲ ನೋಡಿ. ಕಂಡವರೆಲ್ಲ ಎಷ್ಟು ಜೋರಾಗಿ ಓಡ್ತೀ ಅಂತ ಕೇಳ್ತಾರೆ. ಎಷ್ಟು ಓದಿದ್ದೀ ಅಂತ ಯಾರೂ ಕೇಳೋದಿಲ್ಲ." ಅವನು ಬಿ.ಕಾಂ. ಮುಗಿಸಿದ್ದಾನೆ.

ಗೋದಾಮಿನ ಸಂಗತಿಯನ್ನು ಅಣ್ಣನ ಮಗ ಹೇಳುತ್ತಾನೆ. ಅಲ್ಲಿ ಇವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ವೆಸ್ಟ್ ಇಂಡೀಸ್ ಆಟಗಾರರ ಹೆಸರಿಟ್ಟೇ ಕೂಗುತ್ತಿದ್ದರು. ಸೂಪರ್‌ವೈಸರ್ ಕೂಡ. ಒಂದು ಸಂಜೆ ಪಾಳಿ ಮುಗಿದ ಮೇಲೆ ನಾಲ್ಕೈದು ಮಂದಿ ಜೊತೆಯಾಗಿ ಹೋಗಿ, "ಸರ್, ಐಡಿ ಕಾರ್ಡಿನಾಗ ಇರೋ ಹೆಸ್ರು ಹಿಡಿದು ಕರೀರಿ" ಎಂದರಂತೆ. ಅಷ್ಟೇ. ಇವನೊಬ್ಬನೇ ಹೋಗಿದ್ದರೆ ದೂರುವ ಹುಡುಗ ಎನಿಸಿಕೊಳ್ಳುತ್ತಿದ್ದ. ನಾಲ್ಕೈದು ಮಂದಿ ಹೋದಾಗ ಅದು ಗೋದಾಮಿನ ವಿಷಯವಾಯಿತು. ಸೂಪರ್‌ವೈಸರ್ ಮರುದಿನದಿಂದ ಹೆಸರು ಹಿಡಿದೇ ಕರೆಯುತ್ತಿದ್ದಾರೆ. ಉಳಿದವರಲ್ಲಿ ಕೆಲವರು ಬದಲಾಗಿದ್ದಾರೆ, ಕೆಲವರು ಇಲ್ಲ.

"ನನಗೂ ಅಲ್ಲಿ 'ಗುಲ್ಬರ್ಗಾ' ಅಂತನs ಹೆಸ್ರು ಅತ್ತಿ" ಎನ್ನುತ್ತಾನೆ ಅಣ್ಣನ ಮಗ. ಬಾಯಿ ತೆರೆದರೆ ಸಾಕು, ಯಾರಾದರೊಬ್ಬರು "ಯಾಕ್ಲೇ ಮಗನ" ಎಂದು ಅವನ ಧಾಟಿಯನ್ನು ಅಣಕಿಸುತ್ತಾರೆ. ಯಾದಗಿರಿ ಸೀಮೆಯಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಕುಟುಂಬಗಳಿಗೆಲ್ಲ ಈ ಅಣಕದ ಪರಿಚಯವಿದೆ.

ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಮಾತು ಮತ್ತೆ ಏಳುತ್ತದೆ. ಹುಡುಗ ಮಾಳಿಗೆಯ ಮೇಲೆ ಮಲಗಿದ್ದಾನೆ. ಹುಡುಗರು ಮುತ್ಯಾ ಎನ್ನುವ ನಮ್ಮ ಕಾಕಾ ಎಲೆಗೆ ಸುಣ್ಣ ಸವರುತ್ತ ಶುರು ಮಾಡುತ್ತಾರೆ: "ಹಿರ್‍ಯಾರಿಗೆ ನಾಕು ಮಂದ್ಯಾಗ ಹಂಗ ಕೇಳಬಾರದಾಗಿತ್ತು. ಅವರೇನು ಹೊಡದ್ರಾ, ಬಡದ್ರಾ? ಒಂದು ಮಾತಂದ್ರು."

ಮೊಮ್ಮಗ ಮುತ್ಯಾನ ಕಾಲ ಬಳಿ ಕೂತು ಹೇಳುತ್ತಾನೆ. 2016ರ ಜನವರಿ 31. ಬೆಂಗಳೂರಿನ ಹೆಸರಘಟ್ಟದ ಹತ್ತಿರ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಆಕೆಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಬೇರೆ ದೇಶ, ಬೇರೆ ಕಾರು. "ಬಣ್ಣ ಒಂದs ಅಂತ ಹೊಡದ್ರು ಮುತ್ಯಾ. ಅವರೆಲ್ಲಾ ಒಂದs ಅನ್ನೂದನ್ನ ಯಾರು ಕಲಿಸಿದ್ರು? ನಾವು ನಗುತ ಅಂದದ್ದs ಅಲ್ಲಿಗೆ ಹೋಗಿ ಮುಟ್ಟಿತು."

ಕಾಕಾ ಎಲೆ ಬಾಯಿಗಿಟ್ಟು ಜಗಿಯುತ್ತಾರೆ. ಸೋಲುವವರಲ್ಲ. "ಸರಿ, ಬಿಡು. ದೋಸ್ತನ ಸಲುವಾಗಿ ಬಾಯಿ ಬಂತು. ಬದುವಿನ ಆ ಕಡೆ ಕುಂತೋರ ಸಲುವಾಗಿ ಇಷ್ಟು ವರ್ಷ ಯಾಕ ಬರಲಿಲ್ಲ? ಅವರಿಗೆ ನಿಮ್ಮವ್ವ ಕಾಗದದ ತಾಟಿನಾಗ ನೀಡ್ಯಾಳ, ನಮಗ ಸ್ಟೀಲ್ ತಾಟು. ಕಂಡಿಲ್ಲೇನು?"

ಮೊಮ್ಮಗನ ಬಾಯಿ ಮುಚ್ಚಿಸಲೆಂದೇ ಎಸೆದ ಮಾತು. ಆದರೆ ಅದು ನಿಜ. ಎಲ್ಲರೂ ಕಂಡದ್ದೇ, ಯಾರೂ ಆಡದ್ದು. ಕೆಲಸದವರ ಚಹಾದ ಕಪ್ಪುಗಳು ಕೊಟ್ಟಿಗೆಯ ಗೂಡಿನಲ್ಲಿ ಬೇರೆಯೇ ಇವೆ; ಅಂಚು ಒಡೆದಿವೆ, ಒಳಗೆ ಚಹಾದ ಕಲೆ ಗಟ್ಟಿಯಾಗಿದೆ. ಕುಡಿದವರು ತಾವೇ ತೊಳೆದು ಬೋರಲು ಹಾಕಿ ಹೋಗಬೇಕು. 1950ರಿಂದ ಜಾರಿಯಲ್ಲಿರುವ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿದೆ. ಜಾತಿ ಹಿಡಿದು ಅವಮಾನಿಸುವವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಜಾತಿ ಬೇರೆ, ಜನಾಂಗ ಬೇರೆ ಎಂದು 2001ರ ಡರ್ಬನ್ ಸಮ್ಮೇಳನದಲ್ಲಿ ನಮ್ಮ ಸರ್ಕಾರ ವಾದಿಸಿತು. ಹುಟ್ಟಿನಿಂದ ಬರುವ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆಂದು ಮರುವರ್ಷ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮಿತಿ ಹೇಳಿತು. ಆ ವಾದವನ್ನು ಬಲ್ಲವರು ಮಾಡಲಿ. ಈ ಪಡಸಾಲೆಯಲ್ಲಿ ಕೂತವರಿಗೆ ಎರಡರ ರುಚಿಯೂ ಒಂದೇ ಎಂದು ತಿಳಿಯಲು ಸಮ್ಮೇಳನ ಬೇಕಿಲ್ಲ. ಎದುರಿಗಿರುವವರು ಯಾರೆಂದು ತಿಳಿಯುವ ಮೊದಲೇ ಅವರ ಜಾಗ ಗೊತ್ತು ಮಾಡುವುದು ಎರಡರಲ್ಲೂ ಇದೆ.

ಕಾಕಾರ ಮಾತಿಗೆ ಉತ್ತರ ಬಂದದ್ದು ಅಡಿಗೆಮನೆಯ ಬಾಗಿಲಿನಿಂದ. ವೈನಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಾರೆ. "ಮಾವಾರ, ನೀವು ಅಂದದ್ದು ಖರೇ ಐತ್ರಿ. ನಾನs ನೀಡೀನಿ. ನಾ ಬಂದಾಗಿಂದ ಹಂಗ ನಡದೈತಿ, ನಾನೂ ನಡಸೀನಿ. ನಾಳಿಂದ ಬ್ಯಾಡ."

"ಮಂದಿ ಏನಂತಾರ?"

"ಅಂದೋರಿಗೆ ನಾ ಹೇಳ್ತೀನ್ರಿ."

ಕಾಕಾ ಎದ್ದು ಹೊರಗೆ ಹೋಗುತ್ತಾರೆ. ಒಪ್ಪಿದರೆಂದಲ್ಲ. ಬೇಡವೆಂದೂ ಅನ್ನಲಿಲ್ಲ.

ಮರುದಿನ ಹತ್ತಿ ಬಿಡಿಸುವ ಕೆಲಸ. ಚಹಾದ ಹೊತ್ತಿಗೆ ವೈನಿ ಮನೆಯ ಸ್ಟೀಲ್ ಲೋಟಗಳನ್ನು ಬುಟ್ಟಿಯಲ್ಲಿ ಹೊತ್ತು ಬರುತ್ತಾರೆ. ಉಡಿಯ ತುಂಬ ಹತ್ತಿ ತುಂಬಿಕೊಂಡ ಹಿರಿಯ ಹೆಣ್ಣುಮಗಳೊಬ್ಬಳು ಲೋಟ ನೋಡಿ, ವೈನಿಯ ಮುಖ ನೋಡಿ, "ನಮ್ಮ ಕಪ್ಪು ಎಲ್ಲಿ ಅದಾವ ಎಕ್ಕಾ?" ಎನ್ನುತ್ತಾಳೆ. ಹೆದರಿಕೆ ಅವಳದೇ ಹೆಚ್ಚು. ನಾಳೆ ಊರಿನಲ್ಲಿ ಯಾರಾದರೂ ಕೇಳಿದರೆ ಮೊದಲು ಬೈಸಿಕೊಳ್ಳುವವಳು ಅವಳು. "ಒಡದ್ವು. ಇದರಾಗ ಕುಡಿ. ಯಾರರೆ ಕೇಳಿದ್ರ ನನ್ನ ಹೆಸ್ರು ಹೇಳು" ಎಂದು ವೈನಿ ಚಹಾ ಬಸಿಯುತ್ತಾರೆ. ತಾವೂ ಒಂದು ಲೋಟ ತೆಗೆದುಕೊಂಡು ಬದುವಿನ ಮೇಲೆ ಅವರ ಸಾಲಿನಲ್ಲಿ ಕೂಡುತ್ತಾರೆ. ಕುಡಿದ ಲೋಟಗಳನ್ನು ತೊಳೆಯುವವರೂ ವೈನಿಯೇ. ಕಾಕಾ ದೂರದ ಸಾಲಿನಲ್ಲಿ ನಿಂತು ಹತ್ತಿ ತೂಗುವ ತಕ್ಕಡಿ ಸರಿಪಡಿಸುತ್ತಿದ್ದಾರೆ. ಅವತ್ತು ಅವರು ಹೊಲದಲ್ಲಿ ಚಹಾ ಕುಡಿಯುವುದಿಲ್ಲ.

ಸಂಜೆ ಶಹಾಪುರದ ಬಸ್ಸಿಗೆ ಕಾಯುವಾಗ ಸಿದ್ದಿ ಹುಡುಗನನ್ನು ಕೇಳುತ್ತೇನೆ: ನಿನ್ನೆ ಹೊಲದಲ್ಲಿ ಬೇಜಾರಾಯಿತೇನಪ್ಪಾ? ಅವನು ಯೋಚಿಸಿ ಹೇಳುತ್ತಾನೆ: "ಆ ಮಾತು ಹೊಸದಲ್ಲ ಅತ್ತೆ. ಅಂಗನವಾಡಿಯಿಂದಲೂ ಕೇಳಿದ್ದೇನೆ. ಎಲ್ಲ ಕಡೆ ನಾನೇ ಉತ್ತರ ಕೊಡಬೇಕು, ಇಲ್ಲಾ ನಗಬೇಕು. ನಿನ್ನೆ ಅವನು ಕೊಟ್ಟ. ನಾನು ಊಟ ಮಾಡಿದೆ."

ಈ ಮಾತನ್ನು ಓದುವ ಎಲ್ಲರ ಎದುರಿಗೂ ಇಡಬೇಕೆನಿಸುತ್ತದೆ. ಬೈದವರಿಗೆ ತಿಳಿಹೇಳುವ ಕೆಲಸವನ್ನು ನಾವು ಯಾವಾಗಲೂ ಬೈಸಿಕೊಂಡವರ ತಲೆಗೇ ಕಟ್ಟಿದ್ದೇವೆ. ಅವರು ಸಿಟ್ಟಾದರೆ ಮುಂಗೋಪಿಗಳು. ನಕ್ಕರೆ, ಅವರೇ ನಗುತ್ತಾರಲ್ಲ ಎಂದು ನಮಗೆ ಸಮಾಧಾನ. ಆ ಕೆಲಸ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರದು. ಮಾಮಾನಿಗೆ ಅಳಿಯ, ಸೂಪರ್‌ವೈಸರಿಗೆ ಜೊತೆ ಕೆಲಸಗಾರ, ಮಾವನಿಗೆ ಸೊಸೆ ಹೇಳಿದರೆ ಅದು ಹೊರಗಿನವರ ದೂರಲ್ಲ, ಮನೆಯ ಮಾತು. ಸಂಬಂಧ ಕೆಡುತ್ತದೆಂದು ಸುಮ್ಮನಿರುವವರು ಒಂದನ್ನು ನೆನೆಯಬೇಕು: ಗಟ್ಟಿ ಸಂಬಂಧವಿರುವಲ್ಲಿಯೇ ಇಂಥ ಮಾತು ನಿಲ್ಲುತ್ತದೆ. ಮಾಮಾ ಮುನಿಸಿಕೊಳ್ಳಬಹುದು, ಮುಂದಿನ ಎಳ್ಳಮವಾಸಿಗೆ ಅದೇ ಬನ್ನಿಗಿಡದ ಕೆಳಗೆ ಉಣ್ಣಲು ಬಂದೇ ಬರುತ್ತಾರೆ. ಆಗ ಅವರು ಮತ್ತೆ ಹಾಗೆ ಅಂದರೆ ಮತ್ತೆ ಕೇಳಬೇಕು, ಅಷ್ಟೇ ಗೌರವದಿಂದ, ಅಷ್ಟೇ ಗಟ್ಟಿಯಾಗಿ.